ಕಲಿಯುವವರನ್ನು ಅರಿತು ಪಾಠವನ್ನು ಆರಿಸೋಣ

(ದೇವಾಲಯದ ಶತಮಾನೋತ್ಸವದ ಅಂಗವಾಗಿ, ಸಂತ ಸಿಸಿಲಿಯಾ ಅವರ ಹಬ್ಬದಂದು ಪಾಲಿಬೆಟ್ಟದ ಧರ್ಮಕೇಂದ್ರದ ಸಭಾಂಗಣದಲ್ಲಿ ಧರ್ಮಕೇಂದ್ರದ ಗುರುಗಳು ಗಾನವೃಂದದವರಿಗೂ ತಂದೆತಾಯಂದಿರಿಗೂ ನೀಡಿದ ಉಪನ್ಯಾಸ)



ಇಂದು ನವೆಂಬರ್ 22. ಸಂಗೀತಗಾರರ ಪಾಲಕಿಯೆಂದು ಧರ್ಮಸಭೆಯು ಗೌರವಿಸುವ ಸಂತ ಸಿಸಿಲಿಯಾ ಅವರ ಹಬ್ಬ. ಶತಮಾನೋತ್ಸವದ ಈ ವರ್ಷದಲ್ಲಿ ದೇವಾಲಯದ ಚರಿತ್ರೆಯನ್ನು ಕುರಿತು ನಾನು ಮಾತನಾಡಬೇಕೆಂದು ಸಮಿತಿಯವರ ಅಪೇಕ್ಷೆಯಾಗಿತ್ತು. ಆದರೆ ಚರಿತ್ರೆಯನ್ನು ಬರೆಯಲು ನನಗಿಂತ ಬಲ್ಲವರು ನಮ್ಮ ನಡುವೆ ಇದ್ದಾರೆ. ಆದಕಾರಣ ಮುಂದಿನ ದಿನಗಳಿಗೆ ಸಂಬಂಧಿಸಿದ ಒಂದು ಸಣ್ಣ ವಿಷಯವನ್ನು ಆರಿಸಿಕೊಂಡಿದ್ದೇನೆ. ವಿಷಯವು ಸಣ್ಣದಾದರೂ ಅದರ ಪರಿಣಾಮವು ಸಣ್ಣದಲ್ಲ.

ಕಳೆದ ಈಸ್ಟರ್ ಹಬ್ಬದ ಬಲಿಪೂಜೆ ಮುಗಿದ ಮೇಲೆ ನಮ್ಮ ಹಿರಿಯ ಹಾರ್ಮೋನಿಯಂ ವಾದಕರು ಪೂಜಾಸಾಮಗ್ರಿಯ ಕೋಣೆಗೆ ಬಂದು, ತಮ್ಮ ಎರಡು ಕೈಗಳನ್ನೂ ನನ್ನ ಮುಂದೆ ಚಾಚಿ, "ಫಾದರ್, ಈ ಬೆರಳುಗಳು ಇನ್ನು ನನ್ನ ಮಾತು ಕೇಳುವುದಿಲ್ಲ. ಬೇರೆ ಯಾರನ್ನಾದರೂ ನೋಡಿಕೊಳ್ಳಿ" ಎಂದರು. ಅವರನ್ನು ತಾವೆಲ್ಲರೂ ಬಲ್ಲಿರಿ. ತಮ್ಮಲ್ಲಿ ಅನೇಕರ ಮದುವೆಗೆ ನುಡಿಸಿದವರು ಅವರೇ; ತಮ್ಮ ತಂದೆತಾಯಂದಿರ ಶವಸಂಸ್ಕಾರಕ್ಕೆ ನುಡಿಸಿದವರೂ ಅವರೇ. ನಾನು ಸುತ್ತಮುತ್ತ ನೋಡಿದೆ. ಅವರ ಹಿಂದೆ ಒಬ್ಬರೂ ಇರಲಿಲ್ಲ. ಹಾಡುವವರು ಇಪ್ಪತ್ತು ಮಂದಿ ಇದ್ದಾರೆ, ನುಡಿಸುವವರು ಒಬ್ಬರೇ. ನೂರು ವರ್ಷ ತುಂಬಿದ ಧರ್ಮಕೇಂದ್ರಕ್ಕೆ ಇದು ಸಂತೋಷದ ಸಂಗತಿಯಲ್ಲ.

ಕಲಿಸುವವರನ್ನು ಹುಡುಕೋಣವೆಂದರೆ ನಮ್ಮ ಊರಿನ ಪರಿಸ್ಥಿತಿಯನ್ನು ನಾನು ತಮಗೆ ವರ್ಣಿಸಬೇಕಾಗಿಲ್ಲ. ಮೈಸೂರು ಇಲ್ಲಿಂದ ನೂರು ಕಿಲೋಮೀಟರ್ ಆಸುಪಾಸು. ಅಲ್ಲಿಂದ ವಾರವಾರವೂ ಬಂದು ಹೋಗುವ ಶಿಕ್ಷಕರು ಸಿಗುವುದು ದುರ್ಲಭ. ಸಿಕ್ಕರೂ ಸಂಜೆಯ ತರಗತಿ ನಡೆಸುವಂತಿಲ್ಲ. ಹೊತ್ತು ಮುಳುಗುತ್ತಲೇ ತೋಟದ ದಾರಿಗಳಲ್ಲಿ ಆನೆಗಳು ಇಳಿಯುತ್ತವೆ. ಯಾವ ತಾಯಿ ತಾನೇ ಆರು ಗಂಟೆಯ ಮೇಲೆ ಮಗುವನ್ನು ಲೈನ್ ಮನೆಯಿಂದ ದೇವಾಲಯಕ್ಕೆ ಕಳುಹಿಸಿಯಾಳು? ಮಳೆಗಾಲದ ನಾಲ್ಕು ತಿಂಗಳಂತೂ ಹಗಲಿನಲ್ಲಿಯೇ ಓಡಾಟ ಕಷ್ಟ. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಗುಡ್ಡಗಳು ಕುಸಿದು ರಸ್ತೆಗಳೇ ಇಲ್ಲವಾದುದನ್ನು ನಾವು ಮರೆತಿಲ್ಲ. ಹೀಗಿರುವಾಗ, ಕೈಯಲ್ಲಿರುವ ಫೋನಿನ ಮೂಲಕ ಮನೆಗೇ ಬರುವ ಸಂಗೀತಪಾಠವು ನಮ್ಮಂಥವರಿಗೆ ಒಂದು ವರದಾನವೆಂದೇ ಹೇಳಬೇಕು. ಆದರೆ ವರದಾನವನ್ನೂ ಬಳಸುವ ಕ್ರಮವುಂಟು. ಯಾರಿಗೆ ಯಾವ ಪಾಠವು ಒಪ್ಪುತ್ತದೆ ಎಂಬ ವಿವೇಚನೆ ಇಲ್ಲದೆ ಹೋದರೆ ಹಣವೂ ಹೋಗುತ್ತದೆ, ಮಗುವಿನ ಉತ್ಸಾಹವೂ ಹೋಗುತ್ತದೆ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನನ್ನ ತಪ್ಪಿನಿಂದಲೇ ಕಲಿತು ಹೇಳುತ್ತಿದ್ದೇನೆ. ಆ ಕಥೆಯನ್ನು ಮುಂದೆ ನಿವೇದಿಸುತ್ತೇನೆ.

ಮೊದಲಿಗೆ ವಾದ್ಯದ ವಿಷಯವಾಗಿ ಎರಡು ಮಾತು. ಕೊಡಗಿನ ಕಥೋಲಿಕರ ಗಾಯನಕ್ಕೆ ದೀರ್ಘ ಪರಂಪರೆಯಿದೆ. 1792ರಲ್ಲಿ ದೊಡ್ಡವೀರರಾಜೇಂದ್ರ ಅರಸರ ಆಶ್ರಯದಲ್ಲಿ ವಿರಾಜಪೇಟೆಯಲ್ಲಿ ನೆಲೆ ಪಡೆದ ನಮ್ಮ ಹಿರಿಯರು ತಮ್ಮ ಕಂಠವನ್ನೇ ವಾದ್ಯವಾಗಿ ಮಾಡಿಕೊಂಡು ದೇವರನ್ನು ಸ್ತುತಿಸಿದರು. ಹಾರ್ಮೋನಿಯಂ ಆಮೇಲೆ ಬಂದದ್ದು. ಫ್ರಾನ್ಸ್ ದೇಶದ ದೆಬೆನ್ ಎಂಬಾತ ಹತ್ತೊಂಬತ್ತನೆಯ ಶತಮಾನದ ನಡುವೆ ರೂಪಿಸಿದ, ಕಾಲಿನಿಂದ ತಿದಿಯೊತ್ತುವ ಆ ವಾದ್ಯವು ಭಾರತಕ್ಕೆ ಬಂದು, ನೆಲದ ಮೇಲೆ ಕುಳಿತು ಕೈಯಿಂದ ತಿದಿಯೊತ್ತುವ ಪೆಟ್ಟಿಗೆಯಾಗಿ ನಮ್ಮದೇ ಆಯಿತು. ಪಿಯಾನೋ ಅದಕ್ಕಿಂತ ಹಳೆಯದು. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಕ್ರಿಸ್ತೊಫೊರಿ ಎಂಬ ಕುಶಲಕರ್ಮಿ ಸುಮಾರು 1700ರಲ್ಲಿ ಅದನ್ನು ಮಾಡಿದನು. ಮೆಲ್ಲಗೆ ಒತ್ತಿದರೆ ಮೆಲುದನಿ, ಬಲವಾಗಿ ಒತ್ತಿದರೆ ಗಟ್ಟಿದನಿ ಕೊಡುವುದೇ ಅದರ ವಿಶೇಷ.

ತಮಗೆ ಆಶ್ಚರ್ಯವಾಗಬಹುದು, ಇದೇ ಸಂತ ಸಿಸಿಲಿಯಾ ಹಬ್ಬದಂದು, 1903ರ ನವೆಂಬರ್ 22ರಂದು, ಜಗದ್ಗುರು ಹತ್ತನೆಯ ಪಿಯೂಸರು ಹೊರಡಿಸಿದ ಆಜ್ಞಾಪತ್ರದಲ್ಲಿ ದೇವಾಲಯದೊಳಗೆ ಪಿಯಾನೋ ನುಡಿಸುವುದನ್ನು ನಿಷೇಧಿಸಲಾಗಿತ್ತು! ಅಂದಿನ ಯೂರೋಪಿನಲ್ಲಿ ಅದು ನಾಟಕಶಾಲೆಯ, ವಿನೋದಕೂಟದ ವಾದ್ಯವೆನಿಸಿತ್ತು. ಅನಂತರ 1963ರ ಡಿಸೆಂಬರ್ ತಿಂಗಳಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಆರಾಧನಾ ವಿಧಿಯ ಸಂವಿಧಾನವನ್ನು ಅಂಗೀಕರಿಸಿದಾಗ, ಕೊಳವೆಯ ಆರ್ಗನ್ ವಾದ್ಯಕ್ಕೆ ಹಿಂದಿನ ಗೌರವವನ್ನೇ ಉಳಿಸಿ, ಪವಿತ್ರ ಕಾರ್ಯಕ್ಕೆ ಒಪ್ಪುವ ಇತರ ವಾದ್ಯಗಳಿಗೂ ಸ್ಥಳೀಯ ಧರ್ಮಾಧಿಕಾರಿಗಳ ಒಪ್ಪಿಗೆಯಿಂದ ಬಾಗಿಲು ತೆರೆಯಿತು. ಆ ತೆರೆದ ಬಾಗಿಲಿನಿಂದಲೇ ಇಂದು ನಮ್ಮ ಪೀಠದ ಬದಿಗೆ ವಿದ್ಯುತ್ ಕೀಬೋರ್ಡ್ ಬಂದು ನಿಂತಿದೆ.

ನಮ್ಮ ನಾಡಿಗೂ ಪಿಯಾನೋ ಹೊಸದಲ್ಲ. ಮೈಸೂರಿನ ಜಯಚಾಮರಾಜ ಒಡೆಯರು ಯೌವನದಲ್ಲಿ ಪಿಯಾನೋ ವಾದಕರಾಗಬೇಕೆಂದು ಹಂಬಲಿಸಿದ್ದರು. 1940ರಲ್ಲಿ ತಂದೆಯವರೂ ಅದೇ ವರ್ಷ ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡು ಸಿಂಹಾಸನದ ಭಾರವು ಮೇಲೆ ಬಿದ್ದುದರಿಂದ ಆ ಹಂಬಲ ಕೈಗೂಡಲಿಲ್ಲ. ಆದರೂ ಅವರು ಸಂಗೀತವನ್ನು ಬಿಡಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಪದವಿ ಪಡೆದರು. 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜು ಅವರಿಗೆ ಗೌರವ ಫೆಲೋ ಪದವಿಯಿತ್ತಿತು. ಲಂಡನ್ನಿನಲ್ಲಿ ಬಹುತೇಕ ಮರೆತುಹೋಗಿದ್ದ ಮೆದ್ನರ್ ಎಂಬ ರಷ್ಯದ ವೃದ್ಧ ಸಂಗೀತಕಾರನ ಕೃತಿಗಳನ್ನು ಸ್ವಂತ ವೆಚ್ಚದಲ್ಲಿ ಧ್ವನಿಮುದ್ರಿಸಿ ಉಳಿಸಿದವರೂ ಅವರೇ. ಪಿಯಾನೋ ವಾದಕನಾಗುವವನು ಅರಸನಾದನು. ಅರಸನಾದರೂ ಕಲೆಗೆ ಒದಗಿದನು. ಎಲ್ಲರೂ ಒಂದೇ ರೀತಿಯಲ್ಲಿ ಸಂಗೀತಸೇವೆ ಮಾಡಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಇನ್ನು ನನ್ನ ತಪ್ಪಿನ ಕಥೆ. ನಾನು ಇಲ್ಲಿಗೆ ಬರುವ ಮುನ್ನ ಇನ್ನೊಂದು ಧರ್ಮಕೇಂದ್ರದಲ್ಲಿದ್ದೆ. 2020ರ ಮಾರ್ಚ್ ತಿಂಗಳಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿಕೊಂಡಾಗ, ಮನೆಯಲ್ಲಿ ಸುಮ್ಮನೆ ಕುಳಿತ ಮಕ್ಕಳಿಗೆ ಉಪಯೋಗವಾಗಲೆಂದು, ಒಬ್ಬ ದಾನಿಗಳ ನೆರವಿನಿಂದ ಏಳು ಮಕ್ಕಳಿಗೆ ಒಂದು ಆನ್‌ಲೈನ್ ಪಿಯಾನೋ ಪಾಠಕ್ಕೆ ಇಡೀ ವರ್ಷದ ಚಂದಾ ಕಟ್ಟಿದೆ. ಏಳು ಮಂದಿಗೂ ಒಂದೇ ಪಾಠ. ಅಂಗಡಿಯಲ್ಲಿ ಒಂದೇ ಅಳತೆಯ ಏಳು ಜೊತೆ ಚಪ್ಪಲಿ ಕೊಂಡು ತಂದಂತೆ! ಅವರಲ್ಲಿ ಒಬ್ಬ ಹುಡುಗನಿದ್ದ. ಹದಿಮೂರು ವರ್ಷ. ಯಾವ ಹಾಡನ್ನೇ ಆಗಲಿ ಎರಡು ಸಲ ಕೇಳಿದರೆ ಸಾಕು, ಬೆರಳಿಟ್ಟು ನುಡಿಸಿಬಿಡುತ್ತಿದ್ದ. ಆ ಪಾಠವಾದರೋ ಐದು ಗೆರೆಗಳ ಸ್ವರಲಿಪಿಯಿಂದ ಆರಂಭವಾಗುತ್ತಿತ್ತು. ಮೂರು ವಾರ ಅವನು ಒಂದೇ ಸ್ವರವನ್ನು ಗುರುತಿಸುತ್ತ ಕುಳಿತ. ನಾಲ್ಕನೆಯ ವಾರ ನನ್ನ ಬಳಿ ಬಂದು, "ಫಾದರ್, ನಾನು ನನಗೆ ಬಂದ ಹಾಗೆ ನುಡಿಸಲೇ?" ಎಂದು ಕೇಳಿದ. ನಾನು ಗುರುಮಠದಲ್ಲಿ ಶಿಸ್ತಿನಿಂದ ಸ್ವರಲಿಪಿ ಕಲಿತವನು. "ಮೊದಲು ಕ್ರಮವಾಗಿ ಕಲಿ, ಆಮೇಲೆ ನಿನ್ನ ಆಟ" ಎಂದುಬಿಟ್ಟೆ. ಅವನು ತಲೆಬಾಗಿಸಿ ಹೋದ. ವರ್ಷ ತುಂಬುವಾಗ ಏಳರಲ್ಲಿ ಒಬ್ಬಳು ಮಾತ್ರ ಉಳಿದಿದ್ದಳು. ಅವಳಿಗೆ ಆ ಪಾಠವು ಸರಿಯಾಗಿ ಹೊಂದಿತ್ತು. ಪಾಠದಲ್ಲಿ ದೋಷವಿರಲಿಲ್ಲ. ಆರಿಸಿದವನಲ್ಲಿ ದೋಷವಿತ್ತು. ಆ ಹುಡುಗ ಈಗ ಹದಿನೆಂಟು ದಾಟಿದ ಯುವಕ. ಈಚೆಗೆ ಅವನೊಂದಿಗೆ ಫೋನಿನಲ್ಲಿ ಮಾತನಾಡಿದಾಗ, "ಈಗಲೂ ನುಡಿಸುತ್ತೀಯಾ?" ಎಂದು ಕೇಳಿದೆ. "ಇಲ್ಲ ಫಾದರ್, ಆಗಲೇ ಬಿಟ್ಟೆ" ಎಂದ. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ತಲಾಂತುಗಳ ಸಾಮತಿಯನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ತಲಾಂತನ್ನು ಹೂತಿಟ್ಟ ಸೇವಕನ ವಿಷಯವಾಗಿ ನಾನೇ ಎಷ್ಟೋ ಪ್ರಸಂಗ ಮಾಡಿದ್ದೇನೆ. ಆದರೆ ಇನ್ನೊಬ್ಬರ ತಲಾಂತನ್ನು ನಾವೇ ಹೂಳಿಬಿಡಬಹುದು ಎಂಬುದು ನನಗೆ ತಿಳಿದದ್ದು ಅಂದು. ಈ ಧರ್ಮಕೇಂದ್ರದಲ್ಲಿ ಆ ತಪ್ಪು ಮರುಕಳಿಸಬಾರದು. ಅದಕ್ಕಾಗಿಯೇ ಈ ಉಪನ್ಯಾಸ.

ಆನ್‌ಲೈನ್ ಪಾಠಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ನೇರ ಪಾಠ. ಬೆಂಗಳೂರಿನಲ್ಲಿಯೋ ಮಂಗಳೂರಿನಲ್ಲಿಯೋ ಕುಳಿತ ಶಿಕ್ಷಕರು ನಿಗದಿಯಾದ ಹೊತ್ತಿಗೆ ವಿಡಿಯೋ ಕರೆಯಲ್ಲಿ ಬಂದು, ಮಗುವಿನ ಕೈಯನ್ನು ನೋಡಿ ತಿದ್ದುತ್ತಾರೆ. ನಾಲ್ಕರಲ್ಲಿ ಇದಕ್ಕೇ ಖರ್ಚು ಹೆಚ್ಚು, ಗುಣವೂ ಹೆಚ್ಚು. ಇದಕ್ಕೊಂದು ಮಿತಿಯುಂಟು. ಕರೆಯಲ್ಲಿ ಧ್ವನಿಯು ಹೋಗಿ ಬರುವಾಗ ಕ್ಷಣಮಾತ್ರದ ವಿಳಂಬವಾಗುವುದರಿಂದ ಗುರುಶಿಷ್ಯರು ಏಕಕಾಲಕ್ಕೆ ಕೂಡಿ ನುಡಿಸಲಾಗದು. ಒಬ್ಬರಾದ ಮೇಲೆ ಒಬ್ಬರು ನುಡಿಸಬೇಕು.

ಎರಡನೆಯದು, ಮೊದಲೇ ಚಿತ್ರೀಕರಿಸಿ ಕ್ರಮವಾಗಿ ಜೋಡಿಸಿದ ಪಾಠಮಾಲೆ. ಮಕ್ಕಳಿಗೆಂದೇ ಅಮೆರಿಕದ ಹಾಫ್‌ಮನ್ ಅಕಾಡೆಮಿಯವರು ಮಾಡಿರುವ ವಿಡಿಯೋ ಪಾಠಗಳೂ, ದೊಡ್ಡವರು ಹೆಚ್ಚಾಗಿ ಅನುಸರಿಸುವ ಕೆನಡಾದ ಪಿಯಾನೋಟ್ ಪಾಠಗಳೂ ಈ ಜಾತಿಯವು. ಬಿಡುವಾದಾಗ ನೋಡಬಹುದು, ತಿಳಿಯದಿದ್ದರೆ ಹತ್ತು ಸಲ ನೋಡಬಹುದು. ಶಿಕ್ಷಕರು ನಮ್ಮನ್ನು ಕಾಣರು ಎಂಬುದೇ ಕೊರತೆ.

ಮೂರನೆಯದು, ನಾವು ನುಡಿಸುವುದನ್ನು ಕೇಳಿಸಿಕೊಂಡು ಸರಿತಪ್ಪು ಹೇಳುವ ಆ್ಯಪ್‌ಗಳು. ಸಿಂಪ್ಲಿ ಪಿಯಾನೋ, ಫ್ಲೋಕೀ, ಯೂಸಿಷಿಯನ್ ಮುಂತಾದವು. ಫೋನಿನ ಮೈಕ್ ಮೂಲಕವೋ ಕೀಬೋರ್ಡಿಗೆ ಸಿಕ್ಕಿಸಿದ ತಂತಿಯ ಮೂಲಕವೋ ಸರಿಯಾದ ಸ್ವರವು ಸರಿಯಾದ ಹೊತ್ತಿಗೆ ಬಿತ್ತೇ ಎಂದು ಇವು ಅರಿಯಬಲ್ಲವು. ಆಟದಂತಿರುವುದರಿಂದ ಮಕ್ಕಳಿಗೆ ಹಿಡಿಸುತ್ತವೆ. ಆದರೆ ಮಣಿಕಟ್ಟು ಬಿಗಿದಿದೆಯೇ, ಬೆರಳು ಚಪ್ಪಟೆಯಾಗಿದೆಯೇ, ಕುರ್ಚಿ ತಗ್ಗಾಗಿದೆಯೇ ಎಂಬುದನ್ನು ಕಿವಿ ಮಾತ್ರವಿರುವ ಯಂತ್ರವು ಹೇಗೆ ತಾನೇ ಕಂಡೀತು? ಸ್ವರ ಸರಿಯಿದ್ದು ಕೈ ಕೆಟ್ಟರೆ ಎರಡು ವರ್ಷದ ಮೇಲೆ ಕೈನೋವು ಬರುತ್ತದೆ; ಬಿದ್ದ ಅಭ್ಯಾಸವನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ.

ನಾಲ್ಕನೆಯದು, ಯೂಟ್ಯೂಬಿನಲ್ಲಿ ಬಿಡಿಬಿಡಿಯಾಗಿ ಸಿಗುವ ಪುಕ್ಕಟೆ ವಿಡಿಯೋಗಳು. ಮೇಲಿನಿಂದ ಬಣ್ಣದ ಪಟ್ಟಿಗಳು ಇಳಿದುಬಂದು ಯಾವ ಮನೆಯನ್ನು ಒತ್ತಬೇಕೆಂದು ತೋರಿಸುತ್ತವೆ. ಒಂದು ಹಾಡನ್ನು ಕಲಿಯಲು ಸಾಕು. ಆದರೆ ಒಂದು ಹಾಡನ್ನು ಕಲಿತವನು ಎರಡನೆಯ ಹಾಡಿಗೆ ಪುನಃ ಮೊದಲಿನಿಂದಲೇ ಆರಂಭಿಸಬೇಕಾಗುತ್ತದೆ. ಹಾಡು ಬಂದೀತು, ವಿದ್ಯೆ ಬಾರದು.

ಹೀಗೆ ನಾಲ್ಕು ಬಗೆಯ ಪಾಠಗಳಿವೆ. ಕಲಿಯುವವರೋ ಅದಕ್ಕಿಂತ ಹೆಚ್ಚು ಬಗೆ. ಸಂತ ಪೌಲರು ಕೊರಿಂಥದ ಸಭೆಗೆ ಬರೆದ ಪತ್ರದಲ್ಲಿ ಒಂದೇ ದೇಹಕ್ಕೆ ಅನೇಕ ಅಂಗಗಳುಂಟೆಂದು ಬೋಧಿಸಿದರಷ್ಟೆ. ಗಾನವೃಂದದ ಮಟ್ಟಿಗೂ ಅದು ದಿಟ. ನಮ್ಮಲ್ಲಿರುವವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಒಬ್ಬೊಬ್ಬರ ವಿಚಾರವನ್ನು ನೋಡೋಣ.

ಆರರಿಂದ ಒಂಬತ್ತು ವರ್ಷದ ಮಕ್ಕಳು. ಇವರಿಗೆ ಸಾಧ್ಯವಿದ್ದರೆ ಅರ್ಧ ಗಂಟೆಯ ನೇರ ಪಾಠ. ಇಲ್ಲವಾದರೆ ಮಕ್ಕಳಿಗೆಂದೇ ಮಾಡಿದ ಪಾಠಮಾಲೆ. ಎರಡರಲ್ಲಿ ಯಾವುದಾದರೂ ತಾಯಿಯೋ ತಂದೆಯೋ ಅಕ್ಕನೋ ಪಕ್ಕದಲ್ಲಿ ಕುಳಿತಿರಲೇಬೇಕು. ತಾವು ಸಂಗೀತ ಬಲ್ಲವರಾಗಬೇಕೆಂದಿಲ್ಲ. "ಬೆನ್ನು ನೆಟ್ಟಗಿರಲಿ, ಬೆರಳು ಬಾಗಿರಲಿ" ಎನ್ನುವಷ್ಟು ಸಾಕು. ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಭಾನುವಾರ ಒಂದೇ ಸಲ ಎರಡು ಗಂಟೆ ಕೂರಿಸುವುದರಿಂದ ಪ್ರಯೋಜನವಿಲ್ಲ. ಫೋನನ್ನು ಮಗುವಿನ ಕೈಗೆ ಕೊಟ್ಟು ತಾವು ಅಡಿಗೆಮನೆಗೆ ಹೋದರೆ, ಮರಳಿ ಬರುವಾಗ ಪಿಯಾನೋ ಪಾಠವು ಬೇರೇನೋ ಆಗಿರುತ್ತದೆ. ತಾಯಂದಿರು ನಗುತ್ತಿದ್ದೀರಿ, ಆದುದರಿಂದ ಇದು ನಿಜವೇ ಇರಬೇಕು.

ಪರೀಕ್ಷೆ ಕಟ್ಟಬಯಸುವ ವಿದ್ಯಾರ್ಥಿಗಳು. 1872ರಲ್ಲಿ ದೇವಾಲಯ ಸಂಗೀತದ ಸುಧಾರಣೆಗೆಂದೇ ಲಂಡನ್ನಿನಲ್ಲಿ ಹುಟ್ಟಿದ ಸಂಸ್ಥೆಯೇ ಇಂದಿನ ಟ್ರಿನಿಟಿ ಪರೀಕ್ಷೆಗಳ ಮೂಲ. ಎ.ಬಿ.ಆರ್.ಎಸ್.ಎಂ. ಎಂದು ಕರೆಯುವ ಇನ್ನೊಂದು ಮಂಡಳಿಯು 1889ರಲ್ಲಿ ಸ್ಥಾಪಿತವಾಯಿತು. ಎರಡೂ ಕಡೆ ಎಂಟು ಗ್ರೇಡುಗಳಿವೆ. 2020ರಿಂದ ಮನೆಯಲ್ಲಿಯೇ ನುಡಿಸಿ ವಿಡಿಯೋ ಕಳುಹಿಸಿ ಪರೀಕ್ಷೆ ಕೊಡುವ ಏರ್ಪಾಡೂ ಆಗಿರುವುದರಿಂದ ನಮ್ಮಂಥ ಬೆಟ್ಟದ ಊರಿನವರಿಗೆ ಪ್ರಯಾಣದ ಕಷ್ಟ ತಪ್ಪಿದೆ. ಈ ವಿದ್ಯಾರ್ಥಿಗಳಿಗೆ ನೇರ ಪಾಠವೇ ಬೇಕು. ಆ್ಯಪ್ ಎಷ್ಟೇ ಹೊಗಳಿದರೂ ಪರೀಕ್ಷಕರು ಹೊಗಳುವುದಿಲ್ಲ. ತಂದೆತಾಯಂದಿರಲ್ಲಿ ಒಂದು ವಿನಂತಿ: ಗ್ರೇಡು ಗೋಡೆಯ ಮೇಲಿನ ಪ್ರಶಸ್ತಿಪತ್ರವಾಗಿ ಉಳಿಯದಿರಲಿ. ಐದನೆಯ ಗ್ರೇಡು ಮುಗಿಸಿಯೂ ಒಂದು ಸರಳ ಭಕ್ತಿಗೀತೆಗೆ ಜೊತೆ ನುಡಿಸಲು ಹಿಂಜರಿಯುವವರನ್ನು ನಾನು ಕಂಡಿದ್ದೇನೆ.

ಕಿವಿಯಿಂದ ಕಲಿಯುವವರು. ಇವರ ವಿಷಯವಾಗಿ ಮಾತನಾಡುವಾಗ ನನಗೆ ಆ ಹುಡುಗನ ಮುಖ ಎದುರಿಗೆ ಬರುತ್ತದೆ. ಇಂಥವರಿಗೆ ಐದು ಗೆರೆಗಳಿಂದ ಆರಂಭಿಸಬೇಡಿರಿ. ಮೂರು ಸ್ವರಗಳನ್ನು ಕೂಡಿಸಿ ಒತ್ತುವ ಕಾರ್ಡುಗಳಿಂದ ಆರಂಭಿಸುವ ಪಾಠವನ್ನು ಆರಿಸಿರಿ. ನಾಲ್ಕೈದು ಕಾರ್ಡುಗಳು ಎಡಗೈಗೆ ಬಂದರೆ ನಮ್ಮ ಬಹುಪಾಲು ಹಾಡುಗಳಿಗೆ ಆಧಾರವಾಯಿತು. ಅವರು ಗಾನವೃಂದದೊಂದಿಗೆ ನುಡಿಸಿ ಸಂತೋಷಪಡಲಿ. ಆರು ತಿಂಗಳೋ ವರ್ಷವೋ ಕಳೆದ ಮೇಲೆ, ಕಿವಿಗೆ ಎಟುಕದ ಒಂದು ಹಾಡು ಎದುರಾದಾಗ, ಸ್ವರಲಿಪಿಯ ಅಗತ್ಯವನ್ನು ಅವರೇ ಅರಿತುಕೊಳ್ಳುತ್ತಾರೆ. ಹಸಿದವನಿಗೆ ಬಡಿಸಿದರೆ ಉಣ್ಣುತ್ತಾನೆ.

ಹಾರ್ಮೋನಿಯಂ ಬಲ್ಲ ಹಿರಿಯರು. ಇವರು ಕೀಬೋರ್ಡಿಗೆ ಬಂದಾಗ ಆಗುವ ತೊಡಕು ವಿಚಿತ್ರವಾದುದು. ಬಲಗೈಗೆ ಐವತ್ತು ವರ್ಷದ ಅನುಭವ. ಎಡಗೈ ತಿದಿಯೊತ್ತುವುದನ್ನು ಬಿಟ್ಟು ಬೇರೇನನ್ನೂ ಕಲಿತಿಲ್ಲ. ಒಬ್ಬ ಅಜ್ಜನೂ ಒಂದು ಹಸುಳೆಯೂ ಒಂದೇ ಮಣೆಯ ಮೇಲೆ ಕುಳಿತ ಹಾಗೆ! ಹಾರ್ಮೋನಿಯಂನಲ್ಲಿ ಮನೆಯನ್ನು ಒತ್ತಿಹಿಡಿದಷ್ಟು ಹೊತ್ತು, ಗಾಳಿಯಿರುವವರೆಗೆ, ನಾದ ನಿಲ್ಲುತ್ತದೆ. ಪಿಯಾನೋದಲ್ಲಿ ಒತ್ತಿದ ಕ್ಷಣದಿಂದಲೇ ಕ್ಷೀಣಿಸುತ್ತದೆ. ಇವರಿಗೆ ಮೊದಲಿನಿಂದ ಆರಂಭವಾಗುವ ಮಕ್ಕಳ ಪಾಠವನ್ನು ಕೊಡುವುದು ಅವರ ಅನುಭವಕ್ಕೆ ಅಗೌರವ. ಎಡಗೈಯ ಅಭ್ಯಾಸ ಮತ್ತು ಕಾರ್ಡುಗಳ ಭಾಗವನ್ನಷ್ಟೇ ಪ್ರತ್ಯೇಕವಾಗಿ ನೋಡಲು ಅವಕಾಶವಿರುವ ಪಾಠಮಾಲೆಯೇ ಇವರಿಗೆ ಯೋಗ್ಯ. ಮೊಮ್ಮಕ್ಕಳು ಫೋನನ್ನು ಹಿಡಿದು ತೋರಿಸಲಿ; ಅಜ್ಜನವರು ಪ್ರತಿಯಾಗಿ ಮೊಮ್ಮಕ್ಕಳಿಗೆ ಶ್ರುತಿ ಹಿಡಿಯುವುದನ್ನು ಕಲಿಸಲಿ.

ದುಡಿಮೆಯ ನಡುವೆ ಕಲಿಯುವ ದೊಡ್ಡವರು. ರೈಟರ್ ಕೆಲಸದವರು, ಶಿಕ್ಷಕಿಯರು, ಅಂಗಡಿಯವರು, ತೋಟದ ಕಾರ್ಮಿಕರು. ಡಿಸೆಂಬರಿನಿಂದ ಮಾರ್ಚಿಯವರೆಗೆ ಕಾಫಿ ಕೊಯ್ಲು ಬಂತೆಂದರೆ ಇವರಿಗೆ ಉಸಿರಾಡಲು ಬಿಡುವಿಲ್ಲ. ನಿಗದಿಯಾದ ಹೊತ್ತಿನ ನೇರ ಪಾಠಕ್ಕೆ ಹಣ ಕಟ್ಟಿದರೆ ಅರ್ಧ ಪಾಠ ತಪ್ಪಿಹೋಗುತ್ತದೆ. ಆದುದರಿಂದ ಇವರಿಗೆ ಪಾಠಮಾಲೆಯೋ ಆ್ಯಪ್ಪೋ ಅನುಕೂಲ. ಎರಡು ಮೂರು ತಿಂಗಳಿಗೊಮ್ಮೆ ಒಂದು ನೇರ ಪಾಠ ತೆಗೆದುಕೊಂಡು ಕೈಯನ್ನು ತೋರಿಸಿದರೆ ಉತ್ತಮ. ಗೋಡೆಗೆ ಗೋಡೆ ಹೊಂದಿದ ಲೈನ್ ಮನೆಗಳಲ್ಲಿ ನೆರೆಯವರ ನಿದ್ದೆ ಕೆಡದಂತೆ ಇಯರ್‌ಫೋನ್ ಸಿಕ್ಕಿಸಿ ಅಭ್ಯಾಸ ಮಾಡಬಹುದು. ಈ ಸೌಕರ್ಯ ಹಾರ್ಮೋನಿಯಂಗೆ ಇಲ್ಲ.

ದೃಷ್ಟಿ ಇಲ್ಲದವರು. ಅಂಧರ ಲಿಪಿಯನ್ನು ಕೊಟ್ಟ ಲೂಯಿ ಬ್ರೈಲ್ ಸ್ವತಃ ಪ್ಯಾರಿಸ್ಸಿನ ದೇವಾಲಯದಲ್ಲಿ ಆರ್ಗನ್ ನುಡಿಸುತ್ತಿದ್ದವರು. ಸಂಗೀತಕ್ಕೂ ಚುಕ್ಕೆಲಿಪಿಯನ್ನು ರೂಪಿಸಿದವರು. ಇವರಿಗೆ ಬಣ್ಣದ ಪಟ್ಟಿಗಳ ವಿಡಿಯೋ ನಿಷ್ಪ್ರಯೋಜಕ. ಯಾವ ಬೆರಳು, ಯಾವ ಮನೆ ಎಂಬುದನ್ನು ಬಾಯಿಮಾತಿನಿಂದಲೇ ವಿವರಿಸುವ ತಾಳ್ಮೆಯ ಶಿಕ್ಷಕರ ನೇರ ಪಾಠವೇ ಬೇಕು. ಮೂರು ಮತ್ತು ಎರಡು ಕಪ್ಪು ಮನೆಗಳ ಗುಂಪನ್ನು ಬೆರಳಿನಿಂದ ತಡವಿಯೇ ಎಲ್ಲ ಸ್ವರಗಳ ಸ್ಥಾನವನ್ನು ಅರಿಯಬಹುದಾದ್ದರಿಂದ ಈ ವಾದ್ಯವು ಅವರಿಗೆ ಸ್ನೇಹಪರವೇ ಆಗಿದೆ.

ಇನ್ನು ವ್ಯವಹಾರದ ಮಾತು. ಆರಂಭಕ್ಕೆ 61 ಮನೆಗಳ, ಅಂದರೆ ಐದು ಸ್ಥಾಯಿಗಳ ಕೀಬೋರ್ಡ್ ಸಾಕು. ಆದರೆ ಒತ್ತಿದ ಬಲಕ್ಕೆ ತಕ್ಕಂತೆ ದನಿ ಹೆಚ್ಚುಕಡಿಮೆಯಾಗುವ ಗುಣ ಅದಕ್ಕಿರಲೇಬೇಕು. ಮೇಲಿನ ಗ್ರೇಡುಗಳಿಗೆ ಮಾತ್ರ 88 ಮನೆಗಳ, ಭಾರವಾದ ಮನೆಗಳುಳ್ಳ ವಾದ್ಯ ಬೇಕಾಗುತ್ತದೆ. ನಿಜವಾದ ಪಿಯಾನೋವನ್ನು ಯಾರಾದರೂ ದಾನವಾಗಿ ಕೊಟ್ಟರೂ ನಾನು ಹಿಂದುಮುಂದು ನೋಡುತ್ತೇನೆ. ಇನ್ನೂರಕ್ಕೂ ಹೆಚ್ಚು ಉಕ್ಕಿನ ತಂತಿಗಳೂ ಮರದ ನೂರಾರು ತುಣುಕುಗಳೂ ಉಳ್ಳ ಆ ವಾದ್ಯವು ನಮ್ಮ ಮಳೆಗಾಲದ ತೇವಕ್ಕೆ ಉಬ್ಬಿ, ತುಕ್ಕು ಹಿಡಿದು, ಶ್ರುತಿ ಕಳೆದುಕೊಳ್ಳುತ್ತದೆ. ಶ್ರುತಿ ಸೇರಿಸುವವರನ್ನು ಎಲ್ಲಿಂದ ಕರೆತರುವುದು? ಕೀಬೋರ್ಡಿಗೂ ತೇವದ ಭಯವುಂಟು. ಗೋಡೆಗೆ ತಾಗಿಸದೆ, ಬಟ್ಟೆ ಹೊದಿಸಿ ಇಡಿರಿ. ಬ್ಯಾಟರಿಯಲ್ಲಿಯೂ ನಡೆಯುವಂಥದನ್ನು ಕೊಳ್ಳಿರಿ. ಜುಲೈ ತಿಂಗಳ ಕರೆಂಟನ್ನು ನಂಬಿ ಯಾವ ವಿದ್ಯೆಯನ್ನೂ ಕಲಿಯಲಾಗದು. ಹಾಗೆಯೇ ಸಿಗ್ನಲ್ ಇದ್ದಾಗ ಇಳಿಸಿಕೊಂಡು ಸಿಗ್ನಲ್ ಇಲ್ಲದಾಗ ನೋಡಬಹುದಾದ ಪಾಠವೇ ಮಳೆಗಾಲಕ್ಕೆ ಒಳ್ಳೆಯದು.

ನೇರ ಪಾಠದ ಹೊತ್ತಿನಲ್ಲಿ ಫೋನನ್ನು ಮುಖದ ಎದುರಿಗೆ ನಿಲ್ಲಿಸದೆ, ಎರಡು ಕೈಗಳೂ ಮಣಿಕಟ್ಟೂ ಕಾಣುವಂತೆ ಪಕ್ಕದಿಂದ ಎತ್ತರದಲ್ಲಿರಿಸಿ. ವಿಡಿಯೋ ಕರೆಯು ಮಾತನ್ನು ಉಳಿಸಿ ಉಳಿದ ಸದ್ದನ್ನು ಗದ್ದಲವೆಂದು ಭಾವಿಸಿ ಅಡಗಿಸುವುದರಿಂದ ಸಂಗೀತವು ತುಂಡುತುಂಡಾಗಿ ಕೇಳಿಸುತ್ತದೆ; ಝೂಮ್‌ನಲ್ಲಿ ಮೂಲಧ್ವನಿಯನ್ನು ಹಾಗೆಯೇ ಕಳುಹಿಸುವ ಏರ್ಪಾಡು ಇದೆ, ಅದನ್ನು ಹಾಕಿಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ವರ್ಷದ ಚಂದಾವನ್ನು ಮೊದಲೇ ಕಟ್ಟಬೇಡಿರಿ. ಪರೀಕ್ಷಾರ್ಥವಾಗಿ ಕೆಲವು ದಿನ, ಅನಂತರ ಒಂದು ತಿಂಗಳು ನೋಡಿರಿ. ಅವಧಿ ಮುಗಿದ ಮೇಲೆ ತಾನಾಗಿಯೇ ಹಣ ಕಡಿತವಾಗುವ ಕರಾರು ಇದೆಯೇ ಎಂದು ವಿಚಾರಿಸಿರಿ. ತಿಂಗಳ ಕೊನೆಗೆ ಒಂದೇ ಪ್ರಶ್ನೆಯನ್ನು ಕೇಳಿಕೊಳ್ಳಿ: ಹೇಳದೆಯೇ ಮಗು ಕೀಬೋರ್ಡಿನ ಬಳಿ ಹೋಗುತ್ತದೆಯೇ? ಹೋಗುತ್ತದೆಯಾದರೆ ಪಾಠ ಸರಿ. ಇಲ್ಲವಾದರೆ ಮಗುವನ್ನು ಗದರಿಸುವ ಮುನ್ನ ಪಾಠವನ್ನು ಬದಲಿಸಿ ನೋಡಿರಿ.

ಪ್ರಿಯ ಬಾಂಧವರೇ, ಆನ್‌ಲೈನ್ ಪಾಠವು ಕೊಡಲಾರದ ಸಂಗತಿಯೊಂದಿದೆ. ಅದು ಕೂಡಿ ನುಡಿಸುವುದು. ಕನ್ನಡ, ಕೊಂಕಣಿ, ತಮಿಳು, ಮಲಯಾಳ ಮಾತನಾಡುವ ಮನೆಗಳಿಂದ ಬಂದ ನೂರಾರು ಜನ ಒಟ್ಟಾಗಿ ಹಾಡುವಾಗ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ವೃದ್ಧರು ಎಲ್ಲಿ ಹಿಂದುಳಿಯುತ್ತಾರೆ, ಮಕ್ಕಳು ಎಲ್ಲಿ ಮುಂದೋಡುತ್ತಾರೆ ಎಂಬುದನ್ನು ಯಾವ ಪರದೆಯೂ ಕಲಿಸದು. ನಮ್ಮ ಹಿರಿಯ ವಾದಕರು ಒಬ್ಬ ಮುದುಕಮ್ಮನವರು ಚರಣ ಮುಗಿಸುವವರೆಗೆ ಮುಂದಿನ ಸ್ವರವನ್ನು ತಡೆದು ಹಿಡಿಯುತ್ತಿದ್ದುದನ್ನು ನಾನು ಪೀಠದ ಬಳಿಯಿಂದ ಕಂಡಿದ್ದೇನೆ. ಯಂತ್ರವು ಹಾಗೆ ಕಾಯುವುದಿಲ್ಲ. 1958ರ ಸೆಪ್ಟೆಂಬರಿನಲ್ಲಿ ರೋಮಿನಿಂದ ಬಂದ ಪವಿತ್ರ ಸಂಗೀತದ ಆದೇಶವು ಗ್ರಾಮಫೋನು ಮೊದಲಾದ ತಾನೇ ನುಡಿಯುವ ಯಂತ್ರಗಳನ್ನು ಆರಾಧನಾ ವಿಧಿಯಲ್ಲಿ ಬಳಸಬಾರದೆಂದು ವಿಧಿಸಿತ್ತು. ಅಂದು ಅದನ್ನು ಕಠಿಣವೆಂದವರಿದ್ದರು. ಗುಂಡಿಯೊತ್ತಿದರೆ ತಾಳವೂ ವಾದ್ಯವೃಂದವೂ ತಾವಾಗಿಯೇ ಮೊಳಗುವ ಈ ದಿನಗಳಲ್ಲಿ ಅದರ ಅಂತರಾರ್ಥವು ನನಗೆ ಹೆಚ್ಚು ತಿಳಿಯುತ್ತಿದೆ. ಸ್ತುತಿಯು ಮನುಷ್ಯನ ಕೈಯಿಂದ, ಮನುಷ್ಯನ ಉಸಿರಿನಿಂದ ಬರಬೇಕು.

ಆದುದರಿಂದ ಒಂದು ಸಲಹೆಯನ್ನು ಮುಂದಿಟ್ಟು ಮುಗಿಸುತ್ತೇನೆ. ಬರುವ ತಿಂಗಳಿನಿಂದ ಶನಿವಾರ ಮಧ್ಯಾಹ್ನ ಎರಡರಿಂದ ನಾಲ್ಕೂವರೆಯವರೆಗೆ, ಹೊತ್ತಿರುವಾಗಲೇ ಎಲ್ಲರೂ ಮನೆ ಸೇರುವಂತೆ, ಈ ಸಭಾಂಗಣವನ್ನು ಕಲಿಯುವವರಿಗಾಗಿ ತೆರೆದಿಡೋಣ. ಕೀಬೋರ್ಡ್ ಇಲ್ಲದ ಮನೆಯವರು ದೇವಾಲಯದ ಕೀಬೋರ್ಡಿನಲ್ಲಿಯೇ ಪಾಳಿಯ ಪ್ರಕಾರ ಅಭ್ಯಾಸ ಮಾಡಲಿ. ವಾರವೆಲ್ಲ ಮನೆಯಲ್ಲಿ ತಮತಮಗೆ ಒಪ್ಪುವ ಪಾಠ. ಶನಿವಾರ ಇಲ್ಲಿ ಎಲ್ಲರೂ ಕೂಡಿ ನುಡಿಸುವುದು. ನಮ್ಮ ಹಿರಿಯ ವಾದಕರು ಕುರ್ಚಿ ಹಾಕಿಕೊಂಡು ಕುಳಿತು ಕೇಳಲು ಒಪ್ಪಿದ್ದಾರೆ. ಬೆರಳು ಮಾತು ಕೇಳದಿದ್ದರೂ ಅವರ ಕಿವಿ ಇನ್ನೂ ಮಾತು ಕೇಳುತ್ತದೆ. ಹೆಸರು ಕೊಡಲು ಬರುವ ಪ್ರತಿಯೊಬ್ಬ ಮಗುವನ್ನೂ ನಾನು ಮೊದಲು ಕೇಳುವುದು ಒಂದೇ: "ನಿನಗೆ ಹೇಗೆ ಬರುತ್ತದೆ, ನುಡಿಸಿ ತೋರಿಸು." ಈ ಮಾತನ್ನು ನಾನು ಐದು ವರ್ಷ ತಡವಾಗಿ ಕಲಿತೆ. ಆ ಯುವಕನಿಗೂ ಆಮಂತ್ರಣ ಕಳುಹಿಸಿದ್ದೇನೆ. ಬರುವನೋ ಇಲ್ಲವೋ, ತಿಳಿಯದು. ಬಂದರೆ ಕುರ್ಚಿ ಸಿದ್ಧವಿದೆ.

ನೂರು ವರ್ಷ ಈ ದೇವಾಲಯದಲ್ಲಿ ಹಾಡು ನಿಲ್ಲಲಿಲ್ಲ. ನಮ್ಮ ಕಾಲದಲ್ಲಿಯೂ ಅದು ನಿಲ್ಲದಿರಲಿ. ಸಂತ ಸಿಸಿಲಿಯಾ ಅವರ ಪ್ರಾರ್ಥನಾ ಸಹಾಯದಿಂದ ದೇವರು ನಮ್ಮ ಮಕ್ಕಳ ಬೆರಳುಗಳನ್ನೂ, ಅವರಿಗೆ ದಾರಿ ತೋರುವ ನಮ್ಮ ವಿವೇಕವನ್ನೂ ಆಶೀರ್ವದಿಸಲಿ.